ಹೆಸರಿನ ಪಟ್ಟಿ ಬಿಡಿ, ಜಾಗದ ಪಟ್ಟಿ ಮಾಡಿ: ಆರರಿಂದ ಎಂಟನೆಯ ತರಗತಿಯವರೆಗೆ ಒಳ್ಳೆಯ ನಡವಳಿಕೆ ಬೆಳೆಸುವ ಬಗೆ

ಕೊಡಗಿನ ಯಾವುದೇ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಅರ್ಧ ಗಂಟೆ ಕುಳಿತರೆ ನಾಲ್ಕೈದು ಹೆಸರುಗಳು ಕಿವಿಗೆ ಬೀಳುತ್ತವೆ. ಏಳನೆಯ ತರಗತಿಯ ಇಬ್ಬರು, ಎಂಟನೆಯದರ ಒಬ್ಬ, ಆರಕ್ಕೆ ಹೊಸದಾಗಿ ಸೇರಿದ ಹುಡುಗಿ. ‘ಇವರಿಷ್ಟು ಜನ ಸರಿಹೋದರೆ ಶಾಲೆಯೇ ಸರಿಹೋದಂತೆ’ ಎಂದು ಯಾರೋ ಹೇಳುತ್ತಾರೆ, ಉಳಿದವರು ತಲೆದೂಗುತ್ತಾರೆ, ಗಂಟೆ ಹೊಡೆಯುತ್ತದೆ. ಮುಂದಿನ ವರ್ಷ ಆ ಎಂಟನೆಯವನು ಹೈಸ್ಕೂಲಿಗೆ ಹೋಗುತ್ತಾನೆ, ಅವನ ಜಾಗಕ್ಕೆ ಇನ್ನೊಂದು ಹೆಸರು ಬರುತ್ತದೆ. ಗಲಾಟೆ ನಡೆಯುವ ಸ್ಥಳ ಮತ್ತು ಹೊತ್ತು ಮಾತ್ರ ಬದಲಾಗುವುದಿಲ್ಲ: ಜುಲೈ ಮಳೆಯಲ್ಲಿ ಕಿಕ್ಕಿರಿದ ಜಗಲಿ, ಬಿಸಿಯೂಟದ ಸಾಲು, ಕೈ ತೊಳೆಯುವ ನಲ್ಲಿ, ಕೊನೆಯ ಅವಧಿ.

ಬೆತ್ತದ ಕಾಲ ಮುಗಿದಿದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಹೊಡೆಯುವುದನ್ನು ನಿಲ್ಲಿಸಿದ ಎಷ್ಟೋ ಶಾಲೆಗಳು ಅದರ ಬದಲಿಗೆ ಏನು ಮಾಡಬೇಕೆಂದು ಕೂತು ಯೋಚಿಸಲಿಲ್ಲ. ಹಾಗಾಗಿ ಬೆತ್ತದ ಕೆಲಸವನ್ನು ನಾಲಿಗೆ ವಹಿಸಿಕೊಂಡಿತು. ಕಾಯ್ದೆಯ ಕಣ್ಣಿನಲ್ಲಿ ಅದೂ ತಪ್ಪೇ.

ಅಮೆರಿಕದಲ್ಲಿ 1990ರ ದಶಕದಿಂದ, ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಮುಂಚೂಣಿಯಲ್ಲಿದ್ದು ಬೆಳೆಸಿದ ಒಂದು ವಿಧಾನವಿದೆ. ಇಡೀ ಶಾಲೆಗೆ ಕೆಲವೇ ನಿರೀಕ್ಷೆಗಳನ್ನು ಇಟ್ಟುಕೊಳ್ಳುವುದು, ಅವುಗಳನ್ನು ಪಾಠದಂತೆ ಕಲಿಸುವುದು, ಸರಿಯಾಗಿ ನಡೆದುಕೊಂಡಾಗ ಗುರುತಿಸುವುದು, ದಾಖಲೆ ನೋಡಿ ತೀರ್ಮಾನಿಸುವುದು ಅದರ ತಿರುಳು. ಶಾಲೆಯ ಒಟ್ಟು ವ್ಯವಸ್ಥೆ ಸರಿಯಿದ್ದರೆ ಸುಮಾರು ನೂರಕ್ಕೆ ಎಂಬತ್ತು ಮಕ್ಕಳಿಗೆ ಅಷ್ಟೇ ಸಾಕು, ಹತ್ತು ಹದಿನೈದು ಮಂದಿಗೆ ಸ್ವಲ್ಪ ಹೆಚ್ಚಿನ ಗಮನ ಬೇಕು, ಐದರಷ್ಟು ಮಂದಿಗೆ ಪ್ರತ್ಯೇಕ ನೆರವು ಬೇಕು ಎಂಬುದು ಆ ವಿಧಾನದವರು ಹೇಳುವ ಅಂದಾಜು. ಅದರ ಫಲಕಗಳು, ಎಲ್ಲ ಮಕ್ಕಳಿಗೂ ಹಂಚುವ ಅಂಕದ ಚೀಟಿಗಳು ನಮಗೆ ಬೇಕಿಲ್ಲ. ಎಂಬತ್ತರ ಕೆಲಸ ಮಾಡದೆ ಐದರ ಹಿಂದೆ ಓಡಬಾರದು ಎಂಬ ವಿವೇಕವೊಂದನ್ನು ತೆಗೆದುಕೊಂಡರೆ ಸಾಕು. ಆ ಕೆಲಸ ಶುರುವಾಗುವುದು ದೊಡ್ಡವರ ಒಮ್ಮತದಿಂದ. ಒಬ್ಬ ಶಿಕ್ಷಕರು ನಕ್ಕು ಬಿಟ್ಟದ್ದಕ್ಕೆ ಇನ್ನೊಬ್ಬರು ಸಿಡಿಯುವ ಶಾಲೆಯಲ್ಲಿ ಮಕ್ಕಳು ನಿಯಮ ಕಲಿಯುವುದಿಲ್ಲ. ಯಾರ ಮುಂದೆ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿ ಕಲಿಯುತ್ತಾರೆ.

ಹೆಜ್ಜೆ 1: ಎರಡು ವಾರ ಬರೆದಿಡಿ, ಬೇರೇನೂ ಮಾಡಬೇಡಿ

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಗಲಾಟೆಯಾದಾಗಲೆಲ್ಲ ಬರೆಯಲು ಅದರಲ್ಲಿ ಐದು ಕಾಲಂ ಹಾಕಿ: ಎಲ್ಲಿ, ಎಷ್ಟು ಹೊತ್ತಿಗೆ, ಏನಾಯಿತು, ಅದಕ್ಕೆ ತುಸು ಮುಂಚೆ ಏನು ನಡೆಯುತ್ತಿತ್ತು, ಆಮೇಲೆ ಮಗುವಿಗೆ ಏನು ಸಿಕ್ಕಿತು ಅಥವಾ ಏನು ತಪ್ಪಿತು. ಈ ಹಂತದಲ್ಲಿ ಹೆಸರಿಗೆ ಕಾಲಂ ಬೇಡ. ಹೆಸರು ಬರೆದ ತಕ್ಷಣ ಕಣ್ಣು ಅಲ್ಲಿಗೇ ಹೋಗುತ್ತದೆ.

ಕೊನೆಯ ಕಾಲಂ ತುಂಬುವುದು ಕಷ್ಟ, ಆದರೆ ಲಾಭವಿರುವುದು ಅಲ್ಲಿಯೇ. ಗಣಿತದ ಅವಧಿಯಲ್ಲಿ ಪಕ್ಕದವನ ಬೆನ್ನಿಗೆ ಚುಚ್ಚಿದವನನ್ನು ಹೊರಗೆ ಕಳುಹಿಸಿದರು ಎಂದುಕೊಳ್ಳಿ. ಅವನಿಗೆ ಭಿನ್ನರಾಶಿ ಬರುವುದಿಲ್ಲವಾದರೆ ನೀವು ಕೊಟ್ಟದ್ದು ಶಿಕ್ಷೆಯಲ್ಲ, ಬಿಡುಗಡೆ. ನಾಳೆಯೂ ಚುಚ್ಚುತ್ತಾನೆ.

ಎರಡು ವಾರದ ಪುಟಗಳನ್ನು ತಿರುವಿದಾಗ ಜಿಲ್ಲೆಯ ಹವೆಯೂ ದುಡಿಮೆಯೂ ಎದ್ದು ಕಾಣುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು. ಹನ್ನೆರಡು ಹದಿಮೂರರ ಹರೆಯದ ಮೈ ದಿನವಿಡೀ ಬೆಂಚಿನ ಮೇಲೆ ಕೂರಬೇಕು, ವಿರಾಮದಲ್ಲಿ ಮೂರು ತರಗತಿಯ ಮಕ್ಕಳು ಒಂದೇ ಜಗಲಿಯಲ್ಲಿ ನಿಲ್ಲಬೇಕು. ಒದ್ದೆ ಕೊಡೆಯಿಂದ ತಿವಿತ, ಬೂಟಿನಿಂದ ಕಿತ್ತ ಜಿಗಣೆಯನ್ನು ಮುಂದಿನವಳ ಜಡೆಗೆ ಹಾಕುವ ಪರಾಕ್ರಮ, ಇವೆಲ್ಲ ಆಗ ಹೆಚ್ಚು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನ ಕಾಲ. ಲೈನ್‌ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ ಮಕ್ಕಳು ಗೈರಾಗುತ್ತಾರೆ, ಬಂದವರು ತೂಕಡಿಸುತ್ತಾರೆ, ತಮ್ಮನನ್ನೂ ತಂಗಿಯನ್ನೂ ನೋಡಿಕೊಂಡು ತಡವಾಗಿ ಬರುತ್ತಾರೆ. ತಡವೆಂದರೆ ಇನ್ನೊಂದು ಮಾತು: ತಿತಿಮತಿ, ಸಿದ್ದಾಪುರದ ಕಡೆ ರಸ್ತೆಯಲ್ಲಿ ಆನೆ ನಿಂತಿತ್ತು ಎಂಬುದು ನೆಪವಲ್ಲ. ಒಂದೇ ಬಸ್ಸನ್ನು ನಂಬಿದ ಮಗುವಿನ ತಡವನ್ನು ಅಶಿಸ್ತಿನ ಲೆಕ್ಕಕ್ಕೆ ಸೇರಿಸಬೇಡಿ.

ಹೆಜ್ಜೆ 2: ಮಕ್ಕಳಿಗಿಂತ ಮೊದಲು ಜಾಗವನ್ನು ತಿದ್ದಿ

ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಸಲ ಬಂದ ಎರಡು ಜಾಗಗಳನ್ನು ಆರಿಸಿ, ಮೊದಲು ಅವಕ್ಕೆ ಕೈ ಹಾಕಿ. ಹಣ ಬೇಕಿಲ್ಲ. ತರಗತಿವಾರು ಐದು ನಿಮಿಷದ ಅಂತರದಲ್ಲಿ ಊಟಕ್ಕೆ ಬಿಟ್ಟರೆ ಸಾಲಿನ ತಳ್ಳಾಟ ಅರ್ಧ ಇಳಿಯುತ್ತದೆ. ನಲ್ಲಿಯ ಮುಂದೆ ನೆಲದ ಮೇಲೆ ಬಣ್ಣದಲ್ಲಿ ಹೆಜ್ಜೆ ಗುರುತು ಬಿಡಿಸಿ, ಎಲ್ಲಿ ನಿಲ್ಲಬೇಕೆಂದು ಅದೇ ಹೇಳುತ್ತದೆ. ಕೊಡೆ ಮತ್ತು ರೈನ್‌ಕೋಟ್‌ಗೆ ತರಗತಿಯ ಹೊರಗೆ ತಂತಿ ಕಟ್ಟಿ, ಒಳಗೆ ಕೊಡೆ ಬೇಡವೆಂದು ನಿರ್ಧರಿಸಿ. ಮಳೆಗಾಲದ ವಿರಾಮಕ್ಕೆ ಕೇರಂ, ಚೆಸ್, ಚೌಕಾಬಾರ ಇರುವ ಒಂದು ಕೊಠಡಿ ತೆರೆದಿಡಿ. ಜಗಲಿಯ ತಿರುವಿನಲ್ಲಿ ಒಬ್ಬರು ದೊಡ್ಡವರು ನಿಂತಿರಲಿ. ನಿಲ್ಲುವುದು ಎಂದರೆ ನಡೆದಾಡುತ್ತ ಮಕ್ಕಳೊಡನೆ ಮಾತನಾಡುತ್ತ ಇರುವುದು, ಕಂಬಕ್ಕೊರಗಿ ಮೊಬೈಲ್ ನೋಡುವುದಲ್ಲ.

ಮಾರ್ಗದರ್ಶಿಯ ಉಳಿದ ಭಾಗವನ್ನು ಮರೆತರೂ ಈ ಎರಡು ಹೆಜ್ಜೆಗಳನ್ನು ಮಾಡಿ ನೋಡಿ.

ಹೆಜ್ಜೆ 3: ದೊಡ್ಡವರೆಲ್ಲ ಒಂದೆಡೆ ಕೂರಿ

‘ಎಲ್ಲರೂ’ ಎಂದರೆ ಕಾಯಂ ಶಿಕ್ಷಕರಷ್ಟೇ ಅಲ್ಲ. ಅತಿಥಿ ಶಿಕ್ಷಕರು, ದೈಹಿಕ ಶಿಕ್ಷಕರು, ಅಡುಗೆ ಸಿಬ್ಬಂದಿ, ಶಾಲಾ ವಾಹನವಿದ್ದರೆ ಅದರ ಚಾಲಕರು, ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಂದಿಬ್ಬರು. ಅಡುಗೆಯವರು ಮಕ್ಕಳನ್ನು ನೋಡುವ ಕೋನವೇ ಬೇರೆ. ಯಾರು ಹಸಿದು ಬರುತ್ತಾರೆ, ಯಾರು ಒಬ್ಬರೇ ಕೂತು ಉಣ್ಣುತ್ತಾರೆ ಎಂಬುದು ತರಗತಿಯ ಶಿಕ್ಷಕರಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ.

ಸಭೆಯಲ್ಲಿ ಎರಡು ತೀರ್ಮಾನ ಆಗಬೇಕು. ಮೊದಲನೆಯದು, ಮೂರು ನಿರೀಕ್ಷೆಗಳು. ಐದಕ್ಕಿಂತ ಹೆಚ್ಚಾದರೆ ಗೋಡೆಯ ಮೇಲಿರುತ್ತವೆ, ತಲೆಯಲ್ಲಿ ಇರುವುದಿಲ್ಲ. ‘ಸುರಕ್ಷಿತವಾಗಿರೋಣ, ಒಬ್ಬರನ್ನೊಬ್ಬರು ಗೌರವಿಸೋಣ, ಕೆಲಸ ಮುಗಿಸೋಣ’ ಎಂಬಂಥ ಮೂರು ಸಾಕು. ಆದರೆ ಇವು ಇಷ್ಟರಲ್ಲೇ ನಿಂತರೆ ಉಪದೇಶ. ಪ್ರತಿಯೊಂದು ಜಾಗದಲ್ಲಿ ಅದು ಹೇಗೆ ಕಾಣುತ್ತದೆ ಎಂದು ಬರೆಯಬೇಕು. ಜಗಲಿಯಲ್ಲಿ ಸುರಕ್ಷಿತ ಎಂದರೆ ನಡೆಯುವುದು, ಕೊಡೆ ಮಡಚಿ ತುದಿ ಕೆಳಗೆ ಹಿಡಿಯುವುದು. ಊಟದ ಜಾಗದಲ್ಲಿ ಗೌರವ ಎಂದರೆ ಬಡಿಸಿದವರ ಮುಖ ನೋಡಿ ಸಾಕು ಅಥವಾ ಬೇಕು ಎನ್ನುವುದು, ಪಕ್ಕದವರ ತಟ್ಟೆ ದಾಟದಿರುವುದು. ತರಗತಿಯಲ್ಲಿ ಕೆಲಸ ಮುಗಿಸುವುದು ಎಂದರೆ ಬಾರದ ಲೆಕ್ಕದ ಮುಂದೆ ಪ್ರಶ್ನೆಚಿಹ್ನೆ ಹಾಕಿ ಮುಂದಿನದಕ್ಕೆ ಹೋಗುವುದು. ಒಂದು ಪರೀಕ್ಷೆ ಇಟ್ಟುಕೊಳ್ಳಿ: ಆರನೆಯ ತರಗತಿಯ ಮಗು ಅದನ್ನು ಮಾಡಿ ತೋರಿಸಬಹುದೇ, ದೂರದಿಂದ ನೋಡಿದ ಶಿಕ್ಷಕರಿಗೆ ಅದು ಕಾಣುತ್ತದೆಯೇ? ‘ಶಿಸ್ತಿನಿಂದಿರಿ’ ಈ ಪರೀಕ್ಷೆಯಲ್ಲಿ ನಪಾಸು.

ಎರಡನೆಯದು, ಚಿಕ್ಕದು ಯಾವುದು, ದೊಡ್ಡದು ಯಾವುದು. ಮಾತು, ಓಡಾಟ, ಪುಸ್ತಕ ಮರೆತದ್ದು ಚಿಕ್ಕವು. ಆಯಾ ಶಿಕ್ಷಕರು ಅಲ್ಲಲ್ಲೇ ನಿಭಾಯಿಸಲಿ, ಮುಖ್ಯ ಶಿಕ್ಷಕರ ಕೊಠಡಿಯವರೆಗೆ ಒಯ್ಯಬೇಕಾಗಿಲ್ಲ. ಪೆಟ್ಟು, ಬೆದರಿಕೆ, ಕಳವು, ತಂಬಾಕು ದೊಡ್ಡವು. ನಮ್ಮ ಜಿಲ್ಲೆಯಲ್ಲಿ ದೊಡ್ಡದರ ಪಟ್ಟಿಗೆ ಇನ್ನೊಂದನ್ನು ಬಿಡದೆ ಸೇರಿಸಬೇಕು. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಮಾತನಾಡುವ ಮಕ್ಕಳು, ಎರವ ಮತ್ತು ಜೇನುಕುರುಬ ಹಾಡಿಗಳ ಮಕ್ಕಳು, ತೋಟದ ಕೆಲಸಕ್ಕೆ ಹೊರರಾಜ್ಯದಿಂದ ಬಂದವರ ಮಕ್ಕಳು ಕೂರುತ್ತಾರೆ. ಜಾತಿ, ಬುಡಕಟ್ಟು, ಮಾತಿನ ಧಾಟಿ ಅಥವಾ ‘ಲೈನ್‌ಮನೆಯವನು’ ಎಂಬುದನ್ನು ಹಿಡಿದು ಹಂಗಿಸುವುದನ್ನು ಮಕ್ಕಳ ತಮಾಷೆ ಎಂದು ಬಿಟ್ಟರೆ ಮೂರು ತಿಂಗಳ ನಂತರದ ಹೊಡೆದಾಟಕ್ಕೆ ನೀವೇ ಕಾರಣರು. ಹಾಗೆಯೇ ಮೈದಾನದಲ್ಲಿ ಮನೆಮಾತು ಆಡಿದ್ದಕ್ಕೆ ಬೈಯುವುದು ಯಾವ ನಿರೀಕ್ಷೆಗೂ ಸೇರುವುದಿಲ್ಲ. ಕನ್ನಡ ಓದಲು ಇನ್ನೂ ಕಲಿಯುತ್ತಿರುವ ಮಕ್ಕಳಿಗಾಗಿ ಗೋಡೆಯ ಮೇಲೆ ಅಕ್ಷರದ ಜೊತೆ ಚಿತ್ರವಿರಲಿ. ಚಿತ್ರವನ್ನು ಮಕ್ಕಳೇ ಬಿಡಿಸಲಿ.

ಹೆಜ್ಜೆ 4: ಪಾಠದ ಹಾಗೆ ಕಲಿಸಿ

ವಿಜ್ಞಾನದ ಪಾಠವನ್ನು ಹೇಳದೆ ಪರೀಕ್ಷೆ ಇಡುವುದಿಲ್ಲ. ನಡವಳಿಕೆಯಲ್ಲಿ ಮಾತ್ರ ‘ಇಷ್ಟು ದೊಡ್ಡವನಾಗಿ ಗೊತ್ತಾಗುವುದಿಲ್ಲವೇ’ ಎಂದು ಕೇಳುತ್ತೇವೆ. ಶಾಲೆ ತೆರೆದ ಮೊದಲ ವಾರ ದಿನಕ್ಕೆ ಹದಿನೈದು ನಿಮಿಷ, ಆಯಾ ಜಾಗಕ್ಕೇ ಮಕ್ಕಳನ್ನು ಕರೆದೊಯ್ದು ಕಲಿಸಿ. ತಪ್ಪು ರೀತಿಯನ್ನು ಶಿಕ್ಷಕರೇ ನಟಿಸಿ ತೋರಿಸಲಿ, ಮಕ್ಕಳಿಗೆ ಖುಷಿಯಾಗುತ್ತದೆ. ಸರಿಯಾದ ರೀತಿಯನ್ನು ಮಾತ್ರ ಮಕ್ಕಳಿಂದಲೇ ಮಾಡಿಸಿ.

ಎಂಟನೆಯ ತರಗತಿಯವರು ಇದನ್ನೆಲ್ಲ ನೋಡಿ ನಗುತ್ತಾರೆ. ನಗಲಿ. ಅವರಿಗೆ ಕಲಿಸಲು ಹೋಗಬೇಡಿ, ಆರನೆಯವರಿಗೆ ಕಲಿಸುವ ಹೊಣೆಯನ್ನು ಅವರಿಗೇ ಕೊಡಿ. ಶಾಲಾ ಸಂಸತ್ತಿನ ಮಂತ್ರಿಗಳಿಗೆ ವರ್ಷವಿಡೀ ಕೆಲಸವಿಲ್ಲದೆ ಬ್ಯಾಡ್ಜ್ ಮಾತ್ರ ಇರುವುದುಂಟು, ಇದು ಅವರಿಗೆ ಸಿಗುವ ನಿಜವಾದ ಕೆಲಸ.

ಒಮ್ಮೆ ಕಲಿಸಿದರೆ ಮುಗಿಯುವುದಿಲ್ಲ. ಮಳೆಯ ರಜೆಗಳು ಸಾಲಾಗಿ ಬಂದು ಹೋದ ಮೇಲೆ, ದಸರಾ ರಜೆ ಮುಗಿದ ಮೇಲೆ, ಪುತ್ತರಿ ಹಬ್ಬದ ನಂತರ ಒಂದೊಂದು ದಿನ ಮತ್ತೆ ನೆನಪಿಸಿ.

ಹೆಜ್ಜೆ 5: ಕಂಡದ್ದನ್ನು ಹೇಳಿ

ಒಂದು ತಿದ್ದುವಿಕೆಗೆ ನಾಲ್ಕು ಮೆಚ್ಚುಗೆ ಇರಲಿ ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯ ಸಲಹೆ. ಎಣಿಸುತ್ತ ಕೂರಬೇಡಿ, ಆದರೆ ಒಂದು ಅವಧಿಯಲ್ಲಿ ನಿಮ್ಮ ಬಾಯಿಂದ ಎಷ್ಟು ‘ಬೇಡ’, ‘ನಿಲ್ಲಿಸು’, ‘ಏಯ್’ ಬಂದವು ಎಂದು ಒಮ್ಮೆ ಗಮನಿಸಿ.

‘ಜಾಣ’, ‘ಗುಡ್’ ಎಂಬ ಮಾತುಗಳಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ‘ಅವಳ ಪುಸ್ತಕ ನೀರಿಗೆ ಬಿದ್ದಾಗ ನೀನು ಎತ್ತಿಕೊಟ್ಟೆ, ನೋಡಿದೆ’ ಎಂದರೆ ತಿಳಿಯುತ್ತದೆ. ಹದಿಮೂರು ವರ್ಷದ ಹುಡುಗನನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಹೊಗಳಿದರೆ ಗೆಳೆಯರ ಮುಂದೆ ಅವನಿಗೆ ಅದು ಮುಜುಗರ, ಮರುದಿನ ತಾನು ಅಷ್ಟೊಂದು ಒಳ್ಳೆಯವನಲ್ಲ ಎಂದು ತೋರಿಸಲು ಏನಾದರೂ ಮಾಡಿಯಾನು. ಪಕ್ಕದಿಂದ ಹಾದುಹೋಗುವಾಗ ತಗ್ಗಿದ ದನಿಯಲ್ಲಿ ಹೇಳಿ, ಅಥವಾ ನೋಟ್‌ಬುಕ್‌ನ ಅಂಚಿನಲ್ಲಿ ಒಂದು ಸಾಲು ಬರೆಯಿರಿ.

ಬಹುಮಾನದ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬಿಡಿಸಿದರೆ ಬಹುಮಾನವಿದೆ ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಅವರಾಗಿಯೇ ಚಿತ್ರ ಬಿಡಿಸುವ ಆಸಕ್ತಿ ಇಳಿಯಿತು. ತಾನಾಗಿ ಮಾಡುತ್ತಿರುವವರಿಗೆ ಚಾಕೊಲೇಟ್ ಹಂಚುವ ಅಗತ್ಯವಿಲ್ಲ. ಇಡೀ ತರಗತಿಗೆ ಸಿಗುವ ಸಂತೋಷಗಳು ಮೇಲು: ವಾರಾಂತ್ಯದಲ್ಲಿ ಹೆಚ್ಚುವರಿ ಆಟದ ಅವಧಿ, ಪ್ರಾರ್ಥನೆಯ ನಂತರದ ಹಾಡನ್ನು ಆರಿಸುವ ಹಕ್ಕು, ಮರದಡಿ ಪಾಠ.

ಗದ್ದಲದ ತರಗತಿಗೆ ಒಂದು ಹಳೆಯ ಆಟ ಈಗಲೂ ಕೆಲಸ ಮಾಡುತ್ತದೆ. 1969ರಲ್ಲಿ ಕಾನ್ಸಾಸ್‌ನ ನಾಲ್ಕನೆಯ ತರಗತಿಯೊಂದರಲ್ಲಿ ಪರೀಕ್ಷಿಸಿದ್ದು. ತರಗತಿಯನ್ನು ಎರಡು ತಂಡ ಮಾಡಿ, ನಿಯಮ ಮುರಿದಾಗ ಆ ತಂಡದ ಹೆಸರಿನ ಮುಂದೆ ಗೆರೆ ಎಳೆಯುವುದು. ಗೆರೆಗಳು ಗೊತ್ತುಮಾಡಿದ ಸಂಖ್ಯೆಯೊಳಗಿದ್ದರೆ ಎರಡೂ ತಂಡ ಗೆಲ್ಲಬಹುದು. ಮಳೆಯಿಂದ ಆಟದ ಅವಧಿ ತಪ್ಪಿದ ದಿನ ಹದಿನೈದು ನಿಮಿಷ ಆಡಿಸಿ. ಒಬ್ಬನೇ ಬೇಕೆಂದು ತಂಡವನ್ನು ಸೋಲಿಸುತ್ತಿದ್ದರೆ ಅವನನ್ನೇ ಒಂದು ತಂಡ ಮಾಡಿ, ಉಳಿದವರ ಸಿಟ್ಟು ಅವನ ಮೇಲೆ ತಿರುಗದಿರಲಿ. ತಪ್ಪು ಮಾಡಿದವರ ಹೆಸರನ್ನು ದಿನವಿಡೀ ಕರಿಹಲಗೆಯ ಮೂಲೆಯಲ್ಲಿ ಬರೆದಿಡುವ ಪದ್ಧತಿಯನ್ನು ಇಂದೇ ಅಳಿಸಿ.

ಹೆಜ್ಜೆ 6: ತಪ್ಪು ನಡೆದಾಗ

1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ಶುರುವಾದಂದಿನಿಂದ ಈ ಜಿಲ್ಲೆಯ ಮಕ್ಕಳಿಗೆ ಕಾರ್ಡುಗಳ ಅರ್ಥ ಹೇಳಿಕೊಡಬೇಕಿಲ್ಲ. ಹಸಿರು ಕಾರ್ಡ್ ಎಂದರೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು, ಕೆಂಪಿಗೆ ಆ ಪಂದ್ಯ ಮುಗಿಯಿತು. ತೀರ್ಪುಗಾರರು ಕಾರ್ಡ್ ತೋರಿಸುವಾಗ ಕಿರುಚುವುದಿಲ್ಲ, ಆಟಗಾರನ ಅಪ್ಪನ ಸುದ್ದಿ ಎತ್ತುವುದಿಲ್ಲ, ಎರಡು ನಿಮಿಷವಾದ ಮೇಲೆ ಒಳಗೆ ಬಂದವನ ಹಳೆಯ ಲೆಕ್ಕ ತೆಗೆಯುವುದೂ ಇಲ್ಲ. ಶಾಲೆಗೂ ಅದೇ ಹದ ಬೇಕು.

ಏರುವ ಕ್ರಮ ಹೀಗಿರಲಿ. ಮೊದಲು ಹತ್ತಿರ ಹೋಗಿ ನಿಲ್ಲಿ, ಮಾತಿಲ್ಲದೆ. ಆಮೇಲೆ ಅವನಿಗಷ್ಟೇ ಕೇಳುವಂತೆ ನಿರೀಕ್ಷೆಯನ್ನು ನೆನಪಿಸಿ. ಮೂರನೆಯದಾಗಿ ಎರಡು ಆಯ್ಕೆ: ಇಲ್ಲೇ ಮುಗಿಸುವೆಯಾ, ಮುಂದಿನ ಬೆಂಚಿಗೆ ಬರುವೆಯಾ. ಹೇಳಿ ಅಲ್ಲಿಂದ ಸರಿಯಿರಿ, ಒಪ್ಪಲು ಅವನಿಗೆ ಅರ್ಧ ನಿಮಿಷ ಬೇಕು. ಅದಕ್ಕೂ ಬಗ್ಗದಿದ್ದರೆ ಅವಧಿ ಮುಗಿದ ಮೇಲೆ ಮಾತು. ಆ ಮಾತಿನಲ್ಲಿ ‘ಯಾಕೆ ಮಾಡಿದೆ’ ಎಂಬ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ, ಮಗು ನೆಲ ನೋಡುತ್ತದೆ ಅಷ್ಟೇ. ‘ಏನಾಯಿತು? ಯಾರಿಗೆ ತೊಂದರೆಯಾಯಿತು? ಸರಿಮಾಡಲು ನೀನು ಏನು ಮಾಡಬಲ್ಲೆ?’ ಎಂದು ಕೇಳಿ. ಹರಿದ ಪುಸ್ತಕಕ್ಕೆ ಬೈಂಡ್ ಹಾಕುವುದು, ಚೆಲ್ಲಿದ ಅನ್ನವನ್ನು ಜೊತೆಗೆ ನಿಂತು ಬಳಿಯುವುದು, ಹಂಗಿಸಿದ ಮಾತಿಗೆ ಎದುರು ಕೂತು ಕ್ಷಮೆ ಕೇಳುವುದು ಇಂಥವು ಸರಿ.

ಯಾವತ್ತೂ ಮಾಡಬಾರದ್ದನ್ನೂ ಗೋಡೆಗೆ ಬರೆಯಿರಿ, ಶಿಕ್ಷಕರ ಕೊಠಡಿಯ ಗೋಡೆಗೆ. ಊಟ, ಹಾಲು, ಮೊಟ್ಟೆ ತಪ್ಪಿಸುವುದಿಲ್ಲ. ಶೌಚಾಲಯ ತೊಳೆಸುವುದಿಲ್ಲ. ಮಳೆಯಲ್ಲಿ ಹೊರಗೆ ನಿಲ್ಲಿಸುವುದಿಲ್ಲ. ಒಬ್ಬನ ತಪ್ಪಿಗೆ ತರಗತಿಗೆಲ್ಲ ಶಿಕ್ಷೆಯಿಲ್ಲ. ಆಟದ ಅವಧಿ ಕಸಿಯುವುದಿಲ್ಲ, ಏಕೆಂದರೆ ಅದು ಅತಿ ಹೆಚ್ಚು ಬೇಕಾದದ್ದು ಅದೇ ಹುಡುಗನಿಗೆ.

ಹೆತ್ತವರನ್ನು ಕರೆಸುವ ಬಗ್ಗೆ ಒಂದು ಮಾತು. ತೋಟದ ದಿನಗೂಲಿಯ ತಾಯಿ ಬೆಳಿಗ್ಗೆ ಹತ್ತಕ್ಕೆ ಶಾಲೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ, ಆ ಸಿಟ್ಟು ಸಂಜೆ ಮಗುವಿನ ಬೆನ್ನ ಮೇಲೆ ಬೀಳುತ್ತದೆ. ಸಂಜೆ ಫೋನ್ ಮಾಡಿ. ವರ್ಷದ ಮೊದಲ ಕರೆ ದೂರಿನದಾಗಿರಬಾರದು. ‘ಅಕ್ಕ, ನಿಮ್ಮ ಮಗ ಇವತ್ತು ಚಿಕ್ಕ ಮಕ್ಕಳಿಗೆ ಬಡಿಸಲು ಸಹಾಯ ಮಾಡಿದ’ ಎಂದು ಜೂನ್‌ನಲ್ಲಿ ಹೇಳಿದ ಶಿಕ್ಷಕರು ಆಗಸ್ಟ್‌ನಲ್ಲಿ ಹೇಳುವ ದೂರನ್ನು ಆ ತಾಯಿ ಬೇರೆ ಕಿವಿಯಿಂದ ಕೇಳುತ್ತಾರೆ.

ಹೆಜ್ಜೆ 7: ಉಳಿದ ಕೆಲವರಿಗೆ

ಇಷ್ಟೆಲ್ಲ ಆದ ಮೇಲೂ ಮತ್ತೆ ಮತ್ತೆ ಗಲಾಟೆಗೆ ಸಿಲುಕುವವರಿಗೆ ಈಗ ನೋಟ್‌ಬುಕ್‌ನಲ್ಲಿ ಹೆಸರಿನ ಪುಟ ತೆರೆಯಬಹುದು.

ಏಳನೆಯ ತರಗತಿಯ ಒಬ್ಬ ಹುಡುಗ ದಿನವೂ ಊಟದ ಸಾಲಿನಲ್ಲಿ ತಳ್ಳಾಡುತ್ತಾನೆ ಎಂದುಕೊಳ್ಳೋಣ. ಮುಂಚೆ ಏನು ಎಂಬ ಕಾಲಂ ನೋಡಿದರೆ, ಹನ್ನೊಂದರಿಂದಲೇ ಅವನು ಪಾಠ ಕೇಳುತ್ತಿಲ್ಲ. ವಿಚಾರಿಸಿದರೆ, ಬೆಳಗಿನ ಬಸ್ಸಿಗಾಗಿ ಏಳಕ್ಕೆ ಮನೆ ಬಿಡುತ್ತಾನೆ, ಹೊಟ್ಟೆಯಲ್ಲಿರುವುದು ಒಂದು ಲೋಟ ಕಪ್ಪು ಕಾಫಿ. ಶಾಲೆಗೆ ತಲುಪುವಾಗ ಕ್ಷೀರಭಾಗ್ಯದ ಹಾಲು ಹಂಚಿ ಮುಗಿದಿರುತ್ತದೆ. ಇಲ್ಲಿ ಬೇಕಾದದ್ದು ಉಪದೇಶವಲ್ಲ. ಅವನಿಗೊಂದು ಲೋಟ ಹಾಲು ಮುಚ್ಚಿಡಲು ಅಡುಗೆಯವರಿಗೆ ಹೇಳುವುದು, ಜೊತೆಗೆ ಸಾಲಿನಲ್ಲಿ ತಟ್ಟೆ ಹಂಚುವ ಕೆಲಸವನ್ನು ಅವನಿಗೆ ಕೊಡುವುದು.

ಇನ್ನು ಕೆಲವರಿಗೆ ದಿನಕ್ಕೆ ಎರಡು ಸಲ ಎರಡೆರಡು ನಿಮಿಷ ಕೊಡುವ ದೊಡ್ಡವರೊಬ್ಬರು ಬೇಕು. ಬೆಳಿಗ್ಗೆ ಬಂದ ಕೂಡಲೇ ಭೇಟಿ, ಕೈಗೊಂದು ಕಾರ್ಡ್. ಕಾರ್ಡಿನಲ್ಲಿ ಶಾಲೆಯ ಅದೇ ಮೂರು ನಿರೀಕ್ಷೆಗಳು. ಪ್ರತಿ ಅವಧಿಯ ಕೊನೆಗೆ ಶಿಕ್ಷಕರು ಸೊನ್ನೆ, ಒಂದು ಅಥವಾ ಎರಡು ಹಾಕುತ್ತಾರೆ. ಸಂಜೆ ಮತ್ತೆ ಭೇಟಿ, ಕೂಡಿಸಿ ನೋಡುವುದು, ನಾಳೆಗೊಂದು ಗುರಿ. ಆ ದೊಡ್ಡವರು ಯಾರೆಂದು ಮಗುವೇ ಆರಿಸಲಿ. ಅದು ಅಡುಗೆಯ ಅಕ್ಕನಾದರೂ ಅಡ್ಡಿಯಿಲ್ಲ. ಕಾರ್ಡನ್ನು ಬೈಯಲು ಬಳಸಿದ ದಿನವೇ ಅದು ಬಸ್ಸಿನ ಕಿಟಕಿಯಿಂದ ಹೊರಗೆ ಹೋಗುತ್ತದೆ ಎಂಬುದು ಗೊತ್ತಿರಲಿ.

ಪಾಠ ಕೇಳದ ಮಗುವಿಗೆ ಕಿವಿ ಕೇಳುತ್ತಿದೆಯೇ, ಹಲಗೆ ಕಾಣುತ್ತಿದೆಯೇ ಎಂಬುದನ್ನು ಮೊದಲು ನೋಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಬಂದಾಗ ಈ ಮಕ್ಕಳ ಹೆಸರನ್ನು ಮುಂದಿಡಿ. ಇದ್ದಕ್ಕಿದ್ದಂತೆ ಮಾತು ಬಿಟ್ಟ, ಮನೆಗೆ ಹೋಗಲು ಹೆದರುವ, ಮೈಮೇಲೆ ಗಾಯವಿರುವ ಮಗುವಿನ ವಿಷಯ ನಡವಳಿಕೆಯದಲ್ಲ, ರಕ್ಷಣೆಯದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯೇ ವಿಚಾರಣೆ ನಡೆಸಲು, ರಾಜಿ ಮಾಡಿಸಲು ಹೋಗಬಾರದು.

ಹೆಜ್ಜೆ 8: ತಿಂಗಳಿಗೊಮ್ಮೆ ಪುಟ ತಿರುವಿ

ತಿಂಗಳ ಕೊನೆಯ ಶನಿವಾರ ಅರ್ಧ ಗಂಟೆ ಸಾಕು. ಯಾವ ಜಾಗದಲ್ಲಿ ಇಳಿಯಿತು, ಯಾವುದರಲ್ಲಿ ಏರಿತು, ಮುಂದಿನ ತಿಂಗಳು ಯಾವುದನ್ನು ಹಿಡಿಯುವುದು ಎಂಬ ಮೂರೇ ಪ್ರಶ್ನೆ. ಇಳಿದದ್ದನ್ನು ಅಂಕಿಯೊಡನೆ ಮಕ್ಕಳಿಗೆ ಪ್ರಾರ್ಥನೆಯಲ್ಲಿ ಹೇಳಿ, ಎಸ್‌ಡಿಎಂಸಿ ಸಭೆಯಲ್ಲೂ ಓದಿ. ಒಬ್ಬ ಶಿಕ್ಷಕರ ಅವಧಿಯಲ್ಲೇ ಹೆಚ್ಚು ದಾಖಲೆ ಇದ್ದರೆ ಸಭೆಯಲ್ಲಿ ಎತ್ತಿ ಆಡಬೇಡಿ. ಅವರು ಪ್ರಾಮಾಣಿಕವಾಗಿ ಬರೆಯುತ್ತಿರುವುದೇ ಅದಕ್ಕೆ ಕಾರಣವಿರಬಹುದು.

ಮುತುವರ್ಜಿಯಿದ್ದ ಮುಖ್ಯ ಶಿಕ್ಷಕರು ವರ್ಗಾವಣೆಯಾದ ಮರುದಿನ ಇದೆಲ್ಲ ನಿಂತುಹೋಗುವುದು ಸಾಮಾನ್ಯ. ಆದ್ದರಿಂದ ಮೊದಲ ವರ್ಷವೇ ಈ ಕೆಲಸಕ್ಕೆ ಇಬ್ಬರನ್ನು ಹೊಣೆ ಮಾಡಿ, ಅವರಲ್ಲಿ ಒಬ್ಬರು ಸ್ಥಳೀಯರಾಗಿರಲಿ. ಹೊಸಬರಿಗೆ ಚಾರ್ಜ್ ಕೊಡುವಾಗ ಹಾಜರಿ ಪುಸ್ತಕ, ದಾಸ್ತಾನು ವಹಿ, ಬೀಗದ ಕೈಗಳ ಪಟ್ಟಿಗೆ ಆ ಇನ್ನೂರು ಪುಟದ ನೋಟ್‌ಬುಕ್ಕನ್ನೂ ಸೇರಿಸಿ ಸಹಿ ಪಡೆಯಿರಿ.